ಜ್ವರ ಬರಿಸುದು ವೈರಸ್ಸಾ, ನಮ್ಮ ಮೈಯಾ?

ಪ್ರಶ್ನೆ: ಡಾಕ್ಟ್ರೇ, ಕಳೆದ ಮಳೆಗಾಲ ಅಡಿಕೆ ತೋಟದಲ್ಲಿ ಸೊಳ್ಳೆ ಕಚ್ಚಿ ಡೆಂಗಿ ಬಂತು. ಜ್ವರ ಬಿಟ್ಟ ಮೇಲೆಯೇ ಜಾಸ್ತಿ ಜಾಗ್ರತೆ ಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿದ್ರು, ಇದೆಂತ ಕತೆ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಒಳ್ಳೆ ಪ್ರಶ್ನೆ ಮಾರಾಯ್ರೆ. ವೈರಸ್ ಹೊಕ್ಕ ಜೀವಕೋಶ ಸುಮ್ಮನೆ ಕೂರುದಿಲ್ಲ, ಇಂಟರ್‌ಫೆರಾನ್ ಅಂತ ಒಂದು ಪ್ರೋಟೀನ್ ಹೊರಗೆ ಬಿಡ್ತದೆ, ಅದು ಹೋಗಿ ತಾಗಿದ ಕೂಡ್ಲೆ ಅಕ್ಕಪಕ್ಕದ ಕೋಶಗಳು ವೈರಸ್ಸಿನ ನಕಲು ತೆಗೆಯುವ ಕೆಲಸಕ್ಕೆ ಅಡ್ಡ ಹಾಕುವ ನೂರಾರು ಜೀನ್ ಆನ್ ಮಾಡ್ಕೊಳ್ತವೆ, ಒಂದು ಮನೆಗೆ ಕಳ್ಳ ಹೊಕ್ಕಿ ಅವ್ರು ಬೊಬ್ಬೆ ಹಾಕಿದ್ರೆ ಆಚೆ ಮನೆಯವ್ರು ಚಿಲಕ ಹಾಕಿದ ಹಾಗೆ. 1957ರಲ್ಲಿ ಲಂಡನ್ನಲ್ಲಿ ಐಸಾಕ್ಸ್, ಲಿಂಡೆನ್‌ಮನ್ ಅಂತ ಇಬ್ರು ವಿಜ್ಞಾನಿಗಳು ಕೋಳಿಮೊಟ್ಟೆಯ ಪೊರೆಗೆ ಸತ್ತ ಫ್ಲೂ ವೈರಸ್ ಹಾಕಿ ಇದನ್ನು ಕಂಡದ್ದು.

ಆದ್ರೆ ಅದೊಂದೇ ಅಲ್ಲ. ಐಎಲ್-1, ಐಎಲ್-6, ಟಿಎನ್‌ಎಫ್ ಅಂತ ಬೇರೆ ಸಿಗ್ನಲ್‌ಗಳೂ ಒಟ್ಟಿಗೆ ಉಂಟು, ಇವೇ ಮೈಯ ಬಿಸಿ ನೋಡ್ಕೊಳ್ಳುವ ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿ ಪ್ರೊಸ್ಟಗ್ಲಾಂಡಿನ್ ಅಂತ ಒಂದು ರಾಸಾಯನಿಕ ಹೆಚ್ಚಿಸಿ ಜ್ವರ ಏರಿಸುದು, ನಿಮ್ಗೆ ಗಂಜಿ ಉಪ್ಪಿನಕಾಯಿಯೂ ಬೇಡ ಅನ್ಸಿದ್ರೆ ಅದೂ ಇವುಗಳದ್ದೇ ಕೆಲಸ. ಬಿಳಿ ರಕ್ತಕಣ ಹೊರಗೆ ಬರ್ಲಿ ಅಂತ ರಕ್ತನಾಳದ ಗೋಡೆಯನ್ನೂ ಸಡಿಲ ಮಾಡ್ತವೆ. ಡೆಂಗಿಯಲ್ಲಿ ಕೆಲವ್ರಿಗೆ ಇದು ಅತಿಯಾಗಿ ಪ್ಲಾಸ್ಮಾ, ಅಂದ್ರೆ ರಕ್ತದ ನೀರಿನಂಶ, ಸೋರ್ತದೆ, ಅದೂ ಜ್ವರ ಇಳಿಯುವ ಹೊತ್ತಿಗೇ, ಆಗ ವೈರಸ್ ಕಮ್ಮಿ ಆಗಿರ್ತದೆ, ಈ ಸಿಗ್ನಲ್‌ಗಳ ಗಲಾಟೆ ಮಾತ್ರ ನಿಂತಿರುದಿಲ್ಲ. ಅದ್ಕೇ ನಿಮ್ಗೆ ಹಾಗೆ ಹೇಳಿದ್ದು.

ಡೆಂಗಿ ಸಂಶಯ ಇದ್ರೆ ಐಬುಪ್ರೊಫೇನ್, ಆಸ್ಪಿರಿನ್ ನುಂಗ್ಬೇಡಿ, ರಕ್ತಸ್ರಾವದ ಹೆದ್ರಿಕೆ ಉಂಟು. ಮತ್ತೆ, ತೋಟದಲ್ಲಿ ಬಿದ್ದ ಹಾಳೆಗಳಲ್ಲಿ ನೀರು ನಿಂತದ್ದನ್ನು ಕವುಚಿ ಹಾಕಿದ್ದೀರಾ?