ನಿಮ್ಮಪ್ಪ ಹೇಗೆ ಒಪ್ಪಿದ್ರು?

ಪುಟ್ಟಿ, ನಿನ್ನ ಮೆಸೇಜನ್ನ ರಾತ್ರಿ ಒಂದು ಸಲ, ಬೆಳಿಗ್ಗೆ ಕಾಫಿ ಹೊತ್ತಿಗೆ ಇನ್ನೊಂದು ಸಲ ಓದಿದೆ. ಕ್ಯಾಲಿಫೋರ್ನಿಯಾದ ಫ್ರೆಸ್ನೋಗೆ ಓದೋಕೆ ಬಂದು ಇನ್ನೂ ಆರು ವಾರ ಆಗಿಲ್ಲ, ಆಗಲೇ ಶನಿವಾರ ಶನಿವಾರ ಹೈಸ್ಕೂಲಿಗೆ ಹೋಗಿ ಲ್ಯಾಟಿನೋ ಮಕ್ಕಳಿಗೆ, ಅಂದರೆ ಮೆಕ್ಸಿಕೋ ಕಡೆಯಿಂದ ಬಂದ ಮನೆಗಳ ಮಕ್ಕಳಿಗೆ, ನಾಯಕತ್ವ ಹೇಳಿಕೊಡೋ ಮೆಂಟರ್ ಆಗ್ತೀಯಾ ಅಂತ ನಿನ್ನನ್ನ ಕರೆದಿದ್ದಾರೆ. ವೀಸಾಗೆ ತೊಂದರೆ ಆಗುತ್ತಾ, ಸ್ಪ್ಯಾನಿಷ್ ಬರಲ್ವಲ್ಲ, ಆ ಕಡೆ ಏರಿಯಾ ಸೇಫಾ, ರೆಸ್ಯೂಮೆಗೆ ಉಪಯೋಗ ಇದೆಯಾ, "ಅಷ್ಟಕ್ಕೂ ತರೀಕೆರೆಯಿಂದ ಬಂದ ನಾನು ಅವರಿಗೇನು ಹೇಳಿಕೊಡಲಿ ಅಕ್ಕ?" ಅಂತ ಕೇಳಿದೀಯ. ಓದೋಕೆ ಬಂದಿದ್ದಾಗ ನಾನೂ ಇದೇ ಊರಲ್ಲಿ ಇದೇ ಕೆಲಸ ಮಾಡಿದ್ದೆ ಅಂತ ನಿಮ್ಮಮ್ಮ ಹೇಳಿರಬೇಕು. ಮಾಡಿದ್ದೆ. ಚೆನ್ನಾಗಿ ಮಾಡಿದೆ ಅಂತ ಮಾತ್ರ ಹೇಳಲಾರೆ.

ಸುಲಭದ್ದು ಮೊದಲು ಮುಗಿಸ್ತೀನಿ. ದುಡ್ಡು ಕಾಸು ಇಲ್ಲದೆ ಎಲ್ಲರೂ ಪುಕ್ಕಟೆ ಮಾಡೋ ಸೇವೆ ಆದರೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರಿಗೆ ಸಾಮಾನ್ಯವಾಗಿ ತಕರಾರಿಲ್ಲ. 'ಸ್ಟೈಪೆಂಡ್' ಅಂತ ಬಾಯಿ ಬಿಟ್ಟರೆ ಅದು ಬೇರೆ ಲೆಕ್ಕ, ಆಗ ಕೈ ಹಾಕಬೇಡ. ಏನೇ ಇರಲಿ, ನಿಮ್ಮ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಗೆ ಒಂದು ಇಮೇಲ್ ಬರೆದು ಉತ್ತರ ಬರಹದಲ್ಲಿ ಇಟ್ಟುಕೋ. ಬಾಯಿಮಾತಿಗೆ ಈ ದೇಶದಲ್ಲಿ ಬೆಲೆ ಇಲ್ಲ. ಶಾಲೆಯವರು ಬೆರಳಚ್ಚು ಕೇಳ್ತಾರೆ, ಲೈವ್ ಸ್ಕ್ಯಾನ್ ಅಂತ, ಪಾಸ್‌ಪೋರ್ಟ್ ತಗೊಂಡು ಹೋಗು. ಟಿಬಿ ಪರೀಕ್ಷೆಯನ್ನೂ ಕೇಳಬಹುದು. ನಮಗೆಲ್ಲ ಹುಟ್ಟಿದಾಗಲೇ ಟಿಬಿ ಬರದಿರಲಿ ಅಂತ ಬಿಸಿಜಿ ಲಸಿಕೆ ಚುಚ್ಚಿರ್ತಾರೆ, ತೋಳಿನ ಮೇಲೆ ಆ ಗುರುತು ಇರುತ್ತಲ್ಲ, ಅದರಿಂದ ಚರ್ಮದ ಪರೀಕ್ಷೆ ಮಾಡಿದರೆ ಕಾಯಿಲೆ ಇಲ್ಲದಿದ್ದರೂ ಊದಿಕೊಂಡು 'ಪಾಸಿಟಿವ್' ಅಂದುಬಿಡಬಹುದು. ನನಗೆ ಹಾಗಾಗಿ ಎದೆಯ ಎಕ್ಸ್‌ರೇ ತನಕ ಓಡಾಡಿದೆ, ಮೂರು ವಾರ ವ್ಯರ್ಥ. ರಕ್ತದ ಪರೀಕ್ಷೆಯನ್ನೇ ಮಾಡಿ ಅಂತ ಕೇಳು.

ಏರಿಯಾ ವಿಷಯಕ್ಕೆ, ರಾತ್ರಿ ಹತ್ತು ಗಂಟೆಗೆ ಬೀರೂರು ಜಂಕ್ಷನ್ನಿನಲ್ಲಿ ಇಳಿದಾಗ ಹೇಗೆ ಇರ್ತಿದ್ದೆಯೋ ಹಾಗೇ ಇರು, ಸಾಕು. ರೆಸ್ಯೂಮೆಗೆ ಒಂದು ಸಾಲು ಆಗುತ್ತೆ.

ಸ್ಪ್ಯಾನಿಷ್ ಭಾಷೆ ಮಕ್ಕಳಿಗೋಸ್ಕರ ಬೇಡ, ಅವರು ಇಂಗ್ಲಿಷಿನಲ್ಲಿ ನಮ್ಮನ್ನೇ ಮಾರಿ ಬರ್ತಾರೆ. ಅಪ್ಪ ಅಮ್ಮಂದಿರಿಗೋಸ್ಕರ ಬೇಕು. ಅವರ ಭಾಷೆಯಲ್ಲೂ ನಮ್ಮ ಹಾಗೇ ನೀನು, ನೀವು ಬೇರೆ ಬೇರೆ ಇದೆ. 'ತು' ಅಂದರೆ ನೀನು, 'ಉಸ್ತೆದ್' ಅಂದರೆ ನೀವು. ದೊಡ್ಡವರಿಗೆ ಉಸ್ತೆದ್ ಅನ್ನು, ನಿನಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಇಲ್ಲೇ ಹುಟ್ಟಿ ಬೆಳೆದ ಅಮೆರಿಕದ ಮೆಂಟರುಗಳಿಗೆ ಮಾತ್ರ ಇದು ಎಷ್ಟು ಹೇಳಿದರೂ ಮರೆತುಹೋಗುತ್ತೆ. ಮಕ್ಕಳ ಹೆಸರಾದ ಮೇಲೆ ಎರಡು ಮನೆತನದ ಹೆಸರು ಇರುತ್ತೆ, ಮೊದಲು ಅಪ್ಪನದು, ಆಮೇಲೆ ಅಮ್ಮನದು. ಕೊನೆಯದನ್ನ ಕತ್ತರಿಸಿ ಬರೀಬೇಡ. ನಮ್ಮ ಇನಿಷಿಯಲ್ಲು ಬಿಡಿಸಿ ಬಿಡಿಸಿ ಈ ದೇಶದ ಫಾರ್ಮುಗಳಲ್ಲಿ ನಾವು ಪಟ್ಟ ಪಾಡು ಸಾಕು.

ಇನ್ನೊಂದು ಮುಖ್ಯ. ಯಾವ ಮಗುವನ್ನೂ, ಯಾವ ಮನೆಯವರನ್ನೂ ಈ ದೇಶದಲ್ಲಿ ಇರೋಕೆ 'ಪೇಪರ್ಸ್ ಇದೆಯಾ' ಅಂತ ಕೇಳಬೇಡ. ಮಕ್ಕಳು ಸರ್ಕಾರಿ ಶಾಲೆಗೆ ಬರೋದಕ್ಕೆ ಅದು ಇಲ್ಲದಿರೋದು ಅಡ್ಡಿ ಆಗಬಾರದು ಅಂತ ಇಲ್ಲಿನ ಸುಪ್ರೀಂ ಕೋರ್ಟೇ 1982ರಲ್ಲಿ ತೀರ್ಪು ಕೊಟ್ಟಿದೆ. ಅವರಾಗೇ ಹೇಳಿದರೆ ಕೇಳಿಸಿಕೋ, ಶಾಲೆಯ ಕೌನ್ಸಿಲರ್, ಅಂದರೆ ಮಕ್ಕಳಿಗೆ ಸಲಹೆ ಕೊಡೋರ ಹತ್ತಿರ ಕರೆದುಕೊಂಡು ಹೋಗು, ಬೇರೆ ಯಾರ ಹತ್ತಿರವೂ ಆಡಬೇಡ. ವೀಸಾ ಮೇಲೆ ಇರೋ ನೀನು ಕಾನೂನಿನ ಸಲಹೆ ಕೊಡೋಕೆ ಹೋಗಲೇಬೇಡ.

ಈಗ ಏನು ಹೇಳಿಕೊಡಬೇಕು ಅನ್ನೋದು. ನಾನು ಬಂದಿದ್ದು 2003ರ ಆಗಸ್ಟಿನಲ್ಲಿ. ಅರಸೀಕೆರೆ ಬಿಸಿಲು ಕಂಡವಳು ನಾನು, ಆದರೂ ಏರ್‌ಪೋರ್ಟಿನಿಂದ ಆಚೆ ಕಾಲಿಟ್ಟಾಗ ಒಲೆ ಬಾಯಿ ತೆಗೆದ ಹಾಗಾಯ್ತು. ಮುಂದಿನ ತಿಂಗಳು ಊರಾಚೆ ದ್ರಾಕ್ಷಿ ಸಾಲುಗಳ ನಡುವೆ ಕಾಗದ ಹಾಸಿ, ಅದರ ಮೇಲೆ ಹಣ್ಣು ಹರವಿ ಒಣಗಿಸ್ತಿದ್ದರು. ನಮ್ಮ ತಿಪಟೂರಿನ ಕೊಬ್ಬರಿ ಅಟ್ಟ ನೆನಪಾಗಿ ಬಸ್ಸಿನಲ್ಲೇ ಅತ್ತುಬಿಟ್ಟೆ. ಆ ಸಾಲುಗಳಲ್ಲಿ ಬಗ್ಗಿ ಕೆಲಸ ಮಾಡ್ತಿದ್ದವರ ಮಕ್ಕಳೇ ನಂತರ ನನ್ನ ಶನಿವಾರದ ಕ್ಲಾಸಿಗೆ ಬಂದಿದ್ದು.

ನಮ್ಮ ಕೈಗೆ ಒಂದು ದಪ್ಪ ಫೈಲು ಕೊಟ್ಟಿದ್ದರು. ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡೋದು, ಕೈ ಬಿಗಿಯಾಗಿ ಕುಲುಕೋದು, ಅರ್ಧ ನಿಮಿಷದಲ್ಲಿ ತನ್ನ ಬಗ್ಗೆ ಹೇಳಿಕೊಳ್ಳೋದು. ದೊಡ್ಡವರ ಮುಂದೆ ತಲೆ ತಗ್ಗಿಸಿಯೇ ಬೆಳೆದ ನಾನು ತಲೆ ತಗ್ಗಿಸಿ ಬೆಳೆದ ಆ ಮಕ್ಕಳಿಗೆ ತಲೆ ಎತ್ತೋದು ಹೇಳಿಕೊಟ್ಟೆ. ತಪ್ಪಲ್ಲ, ಕೆಲಸದ ಇಂಟರ್‌ವ್ಯೂನಲ್ಲಿ ಬೇಕಾಗುತ್ತೆ. ಆದರೆ ನಾಯಕತ್ವ ಅಂದರೆ ಇಷ್ಟೇ ಅಂದುಕೊಂಡಿದ್ದೆ ನೋಡು. ಇಲ್ಲಿಂದ ಗಂಟೆ, ಒಂದೂಕಾಲು ಗಂಟೆ ದಕ್ಷಿಣಕ್ಕೆ ಹೋದರೆ ಡೆಲಾನೋ. ಅಲ್ಲಿ 1965ರಲ್ಲಿ ಲ್ಯಾರಿ ಇಟ್ಲಿಯಾಂಗ್ ಮುಂದಾಳುತನದಲ್ಲಿ ಫಿಲಿಪಿನೋ ಕೂಲಿಗಳು ದ್ರಾಕ್ಷಿ ಕೊಯ್ಯೋದನ್ನ ನಿಲ್ಲಿಸಿದರು, ಎರಡು ವಾರದೊಳಗೆಲ್ಲ ಮೆಕ್ಸಿಕನ್ ಕೂಲಿಗಳೂ ಜೊತೆಗೆ ನಿಂತರು. ಆಮೇಲೆ 'ಸೀ ಸೆ ಪ್ವೇದೆ', ಆಗುತ್ತೆ, ಮಾಡಬಹುದು ಅನ್ನೋ ಘೋಷಣೆಯನ್ನ ಬಾಯಿಗೆ ತಂದವಳು ಆ ಕೂಲಿಗಳ ಸಂಘದ ನಾಯಕಿ ಡೊಲೋರೆಸ್ ವೆರ್ತಾ. ಲಾಸ್ ಏಂಜಲಿಸ್‌ನಲ್ಲಿ ಸಾಲ್ ಕ್ಯಾಸ್ಟ್ರೋ ಅಂತ ಒಬ್ಬರು ಮೇಷ್ಟ್ರಿದ್ದರು. ಮೆಕ್ಸಿಕನ್ ಮೂಲದ ಹೈಸ್ಕೂಲು ಮಕ್ಕಳ ನಾಯಕತ್ವ ಶಿಬಿರ 1963ರಲ್ಲಿ ಶುರುವಾದಾಗ ಅದರ ಜೊತೆಗಿದ್ದವರು. 1968ರ ಮಾರ್ಚಿನಲ್ಲಿ ಅಲ್ಲಿನ ಸಾವಿರಾರು ಮಕ್ಕಳು ಕ್ಲಾಸಿನಿಂದ ಎದ್ದು ಆಚೆ ಬಂದರು. ಸ್ಪ್ಯಾನಿಷ್ ಆಡಿದರೆ ಶಿಕ್ಷೆ ಯಾಕೆ, ನಮ್ಮನ್ನ ಕಾಲೇಜಿಗೆ ಕಳಿಸದೆ ಕೈಕಸುಬಿನ ಕ್ಲಾಸಿಗೇ ಯಾಕೆ ತಳ್ತೀರಿ ಅಂತ. ಕಾಲೇಜು ಹುಡುಗರು ಬೆಂಬಲಕ್ಕೆ ನಿಂತರು, ಮೇಷ್ಟ್ರ ಬಂಧನವೂ ಆಯಿತು. ಈ ಒಂದು ಹೆಸರೂ ನನ್ನ ಫೈಲಿನಲ್ಲಿ ಇರಲಿಲ್ಲ. ನನಗೂ ಗೊತ್ತಿರಲಿಲ್ಲ. ಅಂಥ ಮನೆಗಳ ಮಕ್ಕಳಿಗೆ ನಾನು ಕೈ ಕುಲುಕೋದು ಕಲಿಸ್ತಿದ್ದೆ.

ಅವರಲ್ಲಿ ಒಬ್ಬಳು ಹನ್ನೆರಡನೇ ಕ್ಲಾಸಿನವಳು, ಹೆಸರು ಬೇಡ. ಗಣಿತದಲ್ಲಿ ಜೋರು. ಮನೆಯ ಕರೆಂಟು ಬಿಲ್ಲಿನಿಂದ ಹಿಡಿದು ಅಮ್ಮನ ಆಸ್ಪತ್ರೆ ತನಕ ಇಂಗ್ಲಿಷ್ ಬೇಕಾದ ಕಡೆಯೆಲ್ಲ ಅವಳೇ. ಮರ್ಸೆಡ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ 2005ರಲ್ಲಿ ತೆರೆಯೋದಿತ್ತು, ಮೊಟ್ಟಮೊದಲ ಬ್ಯಾಚಿಗೆ ಅವಳಿಗೆ ಸೀಟು ಸಿಕ್ಕಿತು. ಇಲ್ಲಿಂದ ಮರ್ಸೆಡ್ ಒಂದು ಗಂಟೆ ದಾರಿ. ಬರ್ತೀನಿ ಅಂತ ಮೇ 1ರೊಳಗೆ ಹೇಳಬೇಕು. ಮನೆಯಲ್ಲಿ ಸುಮ್ಮನಿದ್ದಾರೆ ಅಂದಳು. "ನಿನ್ನ ಬದುಕು, ನೀನೇ ತೀರ್ಮಾನ ಮಾಡು" ಅಂದೆ. ಈ ಮಾತು ಫೈಲಿನಲ್ಲಿತ್ತು. ಒಳಗೊಳಗೇ, ಸಮುದ್ರ ದಾಟಿ ಬಂದವಳು ನಾನು, ಇವಳಿಗೆ ಒಂದು ಗಂಟೆ ದೂರಕ್ಕೆ ಇಷ್ಟು ಯೋಚನೆಯಾ ಅನ್ನೋ ಜಂಬವೂ ಇತ್ತು.

ಏಪ್ರಿಲ್‌ನ ಒಂದು ಶನಿವಾರ ಅವಳಪ್ಪ ಬಂದರು. ಗೇಟಿನ ಹತ್ತಿರ ಪಿಕಪ್ ನಿಲ್ಲಿಸಿ, ನನ್ನನ್ನ ಕಂಡ ತಕ್ಷಣ ಹುಲ್ಲಿನ ಟೋಪಿ ತೆಗೆದು ಎರಡೂ ಕೈಯಲ್ಲಿ ಎದೆಗೆ ಹಿಡಕೊಂಡರು. ಟೋಪಿ ಇದ್ದ ಜಾಗದ ಕೆಳಗೆ ಹಣೆ ಬೆಳ್ಳಗೆ, ಮುಖ ಕಪ್ಪಗೆ, ನಡುವೆ ಗೆರೆ ಎಳೆದ ಹಾಗೆ. 'ಮಾಯೆಸ್ತ್ರಾ' ಅಂದರು, ಟೀಚರಮ್ಮ ಅಂತ. ಒಂದು ಚೀಲ ಕಿತ್ತಳೆ ಕೊಟ್ಟರು. ಆಮೇಲೆ ಮಾತಾಡಿದರು, ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ, ಎರಡು ಮೂರು ನಿಮಿಷ. ಮಗಳು ನೆಲ ನೋಡ್ತಾ, "ಅಪ್ಪ ಥ್ಯಾಂಕ್ಸ್ ಹೇಳ್ತಿದ್ದಾರೆ" ಅಂದಳು. ಅಷ್ಟು ಉದ್ದದ ಮಾತಿಗೆ ಇಷ್ಟೇ ಇಷ್ಟು ಅರ್ಥವಾ ಅಂತ ಕೇಳಬೇಕಿತ್ತು. ನನಗೆ ಬಸ್ಸಿಗೆ ಹೊತ್ತಾಗಿತ್ತು. ನಕ್ಕು, ಕೈ ಬಿಗಿಯಾಗಿ ಕುಲುಕಿ, ಓಡಿದೆ.

ಜೂನ್ ತಿಂಗಳಲ್ಲಿ ಜೊತೆಯ ಮೆಂಟರ್ ಒಬ್ಬ, ಅವನಿಗೆ ಸ್ಪ್ಯಾನಿಷ್ ಬರ್ತಿತ್ತು, ಅವತ್ತು ಪಕ್ಕದಲ್ಲೇ ಕುರ್ಚಿ ಮಡಚಿಡ್ತಿದ್ದ, ಮಾತಿಗೆ ಮಾತು ಬಂದು ಹೇಳಿದ. ಭಾನುವಾರ ಮನೆಗೆ ಊಟಕ್ಕೆ ಬನ್ನಿ, ನನ್ನ ಹೆಂಡತಿಗೆ ನೀವು ಸ್ವಲ್ಪ ಹೇಳಬೇಕು ಅಂತ ಅವರು ಕರೆದಿದ್ದರಂತೆ. ಆಮೇಲೆ ಕೇಳಿದ್ದರಂತೆ, ನೀವೂ ಹೆಣ್ಣುಮಗಳು, ಒಬ್ಬಳೇ ಇಷ್ಟು ದೂರ ಬಂದಿದ್ದೀರಿ, ನಿಮ್ಮಪ್ಪ ಹೇಗೆ ಒಪ್ಪಿದ್ರು?

ಇಡೀ ಫ್ರೆಸ್ನೋದಲ್ಲಿ ಆ ಪ್ರಶ್ನೆಗೆ ನನ್ನಷ್ಟು ಚೆನ್ನಾಗಿ ಉತ್ತರ ಹೇಳಬಲ್ಲವರು ಇನ್ಯಾರೂ ಇರಲಿಲ್ಲ ಅನಿಸುತ್ತೆ. ನಮ್ಮಪ್ಪ ಮಂಡಿಯಲ್ಲಿ ಕೊಬ್ಬರಿ ಲೆಕ್ಕ ಬರೀತಿದ್ದವರು, ಮೂರು ತಿಂಗಳು ಒಪ್ಪಿರಲಿಲ್ಲ. ಕೊನೆಗೆ ನಮ್ಮ ಕಾಲೇಜಿನ ಮೇಡಂ ಒಬ್ಬರು ತುಮಕೂರಿನಿಂದ ಬಸ್ಸಿನಲ್ಲಿ ಬಂದರು. ಜಗಲಿ ಮೇಲೆ ಕೂತು ಅಮ್ಮ ಮಾಡಿದ ಉಪ್ಪಿಟ್ಟು ತಿಂದರು, ಅಜ್ಜಿಯ ಮಂಡಿನೋವು ವಿಚಾರಿಸಿದರು, ಸಂಜೆ ಬಸ್ಸಿಗೆ ಹೊರಡೋ ತನಕ ಅಮೆರಿಕದ ಸುದ್ದಿಯನ್ನ ಹೆಚ್ಚು ಎತ್ತಲೇ ಇಲ್ಲ. ಅವರು ಹೋದ ಮೇಲೆ ಅಪ್ಪ, "ಸರಿ, ಪಾಸ್‌ಪೋರ್ಟಿಗೆ ಏನೇನು ಬೇಕು?" ಅಂದರು.

ಆ ಹುಡುಗಿ ಮೇ ತಿಂಗಳಿಂದ ಕ್ಲಾಸಿಗೆ ಬರಲಿಲ್ಲ. ನಾನು ಫೋನು ಮಾಡಲಿಲ್ಲ. ನನ್ನ ಪರೀಕ್ಷೆ, ನನ್ನ ಪ್ರಾಜೆಕ್ಟು, ಆಮೇಲೆ ನನ್ನ ಕೆಲಸದ ಹುಡುಕಾಟ. ಅವಳು ಮರ್ಸೆಡ್‌ಗೆ ಹೋದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೈವೇಯಲ್ಲಿ ಆ ಊರಿನ ಬೋರ್ಡು ಬಂದಾಗಲೆಲ್ಲ ಗಂಡ ರೇಡಿಯೋ ಸಣ್ಣಗೆ ಮಾಡ್ತಾರೆ. ಅವರಿಗೆ ಗೊತ್ತು.

ಹಾಗಾಗಿ ಪುಟ್ಟಿ, ಒಪ್ಪಿಕೋ, ಆದರೆ ವರ್ಷಪೂರ್ತಿ ಹೋಗಲಾಗುತ್ತೆ ಅಂದರೆ ಮಾತ್ರ. ಡಿಸೆಂಬರಿನಲ್ಲಿ ಊರಿಗೆ ಹೋಗೋದಿದ್ದರೆ ಈಗಲೇ ಮಕ್ಕಳಿಗೆ ಹೇಳು, ಆ ತಿಂಗಳು ಇಲ್ಲಿ ಎದುರಿನ ಮನೆ ಕಾಣದಷ್ಟು ಮಂಜು, ಬಸ್ಸೂ ತಡ. ಕಾಲೇಜು ಅರ್ಜಿಯ ತಾರೀಕುಗಳನ್ನ ಕೌನ್ಸಿಲರ್ ಹತ್ತಿರ ಕೇಳಿ ಫೋನಿನಲ್ಲಿ ಹಾಕಿಕೋ. ಊಟಕ್ಕೆ ಕರೆದರೆ ಪ್ರೋಗ್ರಾಮಿನವರಿಗೆ ತಿಳಿಸಿ, ಜೊತೆಗೆ ಇನ್ನೊಬ್ಬರನ್ನ ಕರೆದುಕೊಂಡು ಹೋಗು. ಸಸ್ಯಾಹಾರಿ ಅಂದರೆ ಕೋಳಿ ಬಡಿಸ್ತಾರೆ, ರಾಜ್ಮಾ ಕಾಳಿನ ಹಾಗಿರೋ ಫ್ರಿಹೋಲೆಸ್‌ನಲ್ಲೂ ಹಂದಿ ಕೊಬ್ಬು ಇರಬಹುದು, ಮೊದಲೇ ಹೇಳಿಬಿಡು. ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ಕೊಟ್ಟರೆ ಮಾತ್ರ ಅಳಬೇಡ. ಬರಿಗೈಲಿ ಹೋಗಬಾರದು ಅಂತ ನಿನಗೆ ನಾನು ಹೇಳಬೇಕಾ?

ಹೋಗೋ ಮುಂಚೆ, ತರೀಕೆರೆಯಲ್ಲಿ ನಿಮ್ಮಪ್ಪ ಹೇಗೆ ಒಪ್ಪಿದ್ರು ಅನ್ನೋದನ್ನ ಸ್ಪ್ಯಾನಿಷ್‌ನಲ್ಲಿ ನಾಲ್ಕು ಸಾಲು ಬರೆದಿಟ್ಟುಕೋ. ನನಗೆ ಕಳಿಸು, ತಿದ್ದಿಕೊಡ್ತೀನಿ. ಈಗ ನನಗೆ ಅಷ್ಟು ಬರುತ್ತೆ.