ಮೊದಲ ಸ್ಕೂಬಾ ರೆಗ್ಯುಲೇಟರ್: ಕಡಿಮೆ ದುಡ್ಡಿನಲ್ಲಿ ಯಾವುದು ತಗೊಳ್ಳಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಓಪನ್ ವಾಟರ್ ಕೋರ್ಸ್ (ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ಕೋರ್ಸ್) ಮುಗಿಸಿದ್ದೀರಿ. ಇರುವುದು ಬೆಂಗಳೂರಿನಲ್ಲಿ. ವರ್ಷಕ್ಕೆ ಎರಡು ಮೂರು ಸಲ ಮುರುಡೇಶ್ವರಕ್ಕೋ ಅಂಡಮಾನ್‌ಗೋ ಹೋಗುವ ಆಸೆ ಇದೆ. ಬಾಡಿಗೆ ರೆಗ್ಯುಲೇಟರ್ (ಟ್ಯಾಂಕಿನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಧನ) ಕಚ್ಚಿ ಹಿಡಿದು ದವಡೆ ನೋಯುತ್ತದೆ, ಅದಕ್ಕೆ 30 ಸಾವಿರದೊಳಗೆ ಸ್ವಂತದ್ದು ಬೇಕು. ದುಬೈನಲ್ಲಿರುವ ಚಿಕ್ಕಪ್ಪ ಊರಿಗೆ ಬರುವಾಗ ತಂದುಕೊಡುತ್ತೇನೆ ಅಂದಿದ್ದಾರೆ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ.

ನಾನು ಸೀಸನ್‌ನಲ್ಲಿ ಡೈವ್ ಮಾಸ್ಟರ್ ಆಗಿ ಕೆಲಸ ಮಾಡುವವನು. ಬಾಡಿಗೆ ಸೆಟ್‌ಗಳನ್ನು ತೊಳೆದು, ಒಣಗಿಸಿ, ಮರುದಿನಕ್ಕೆ ತಯಾರು ಮಾಡುವುದೂ ನನ್ನ ಪಾಲಿಗೇ ಬರುತ್ತದೆ. ಆ ಅನುಭವದಿಂದ ಹೇಳುತ್ತೇನೆ: ಯಾವ ಕಂಪನಿ, ಯಾವ ಮಾಡೆಲ್ ಅನ್ನುವುದು ಎರಡನೇ ಪ್ರಶ್ನೆ. ಇದನ್ನು ಸರ್ವಿಸ್ ಮಾಡುವವರು ಎಲ್ಲಿದ್ದಾರೆ ಅನ್ನುವುದು ಮೊದಲನೇ ಪ್ರಶ್ನೆ. ಅದಕ್ಕೆ ಉತ್ತರ ಸಿಗದೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ.

ಅದಕ್ಕೂ ಮೊದಲು ದವಡೆ ನೋವಿನ ವಿಷಯ. ಇದಕ್ಕೆ ಬಹಳ ಸಲ ರೆಗ್ಯುಲೇಟರ್ ಕಾರಣವೇ ಅಲ್ಲ, ಮೌತ್‌ಪೀಸ್ ಕಾರಣ. ಬಾಡಿಗೆಯವು ಗಟ್ಟಿಯಾಗಿರುತ್ತವೆ, ಇಲ್ಲವೇ ನಿಮ್ಮ ಬಾಯಿಗೆ ದೊಡ್ಡದಾಗಿರುತ್ತವೆ. ಮೆತ್ತನೆಯ ಸಿಲಿಕೋನ್ ಮೌತ್‌ಪೀಸ್ ಒಂದನ್ನು ಸ್ವಂತಕ್ಕೆ ಇಟ್ಟುಕೊಳ್ಳಿ. ಒಂದು ಪ್ಲಾಸ್ಟಿಕ್ ಟೈ ಕತ್ತರಿಸಿ ಹಳೆಯದನ್ನು ತೆಗೆದು ಇದನ್ನು ಹಾಕುವುದು ಐದು ನಿಮಿಷದ ಕೆಲಸ. ಡೈವ್ ಸೆಂಟರ್‌ನವರನ್ನು ಕೇಳಿದರೆ ಅವರೇ ಹಾಕಿಕೊಡುತ್ತಾರೆ. ಮುಂದಿನ ಟ್ರಿಪ್‌ನಲ್ಲಿ ಇದನ್ನು ಮಾಡಿ ನೋಡಿ. ಅದರಿಂದಲೇ ಸಮಾಧಾನ ಆದರೆ 30 ಸಾವಿರ ಉಳಿಯಿತು, ಅದರಲ್ಲಿ ಒಂದು ಡೈವ್ ಕಂಪ್ಯೂಟರ್ (ಆಳ, ಸಮಯ ಲೆಕ್ಕ ಇಡುವ ಸಾಧನ) ತಗೊಳ್ಳಿ. ಮಾಸ್ಕ್, ಆಮೇಲೆ ಕಂಪ್ಯೂಟರ್, ಆಮೇಲೆ ರೆಗ್ಯುಲೇಟರ್: ನಾನು ಯಾರಿಗೇ ಆದರೂ ಹೇಳುವ ಕ್ರಮ ಇದು.

ಇಲ್ಲ, ರೆಗ್ಯುಲೇಟರೇ ಬೇಕು ಅಂತಾದರೆ ಅದು ಏನು ಮಾಡುತ್ತದೆ ಅಂತ ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಆಗ ಅಂಗಡಿಯವನ ಮಾತಿಗೆ ಸುಮ್ನೆ ತಲೆ ಆಡಿಸಬೇಕಾಗುವುದಿಲ್ಲ. ತುಂಬಿದ ಟ್ಯಾಂಕಿನಲ್ಲಿ ಸುಮಾರು 200 ಬಾರ್ ಒತ್ತಡ ಇರುತ್ತದೆ. ಟ್ಯಾಂಕಿಗೆ ಕೂರುವ ಫಸ್ಟ್ ಸ್ಟೇಜ್ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ 9–10 ಬಾರ್ ಜಾಸ್ತಿ ಇರುವಷ್ಟಕ್ಕೆ ಇಳಿಸುತ್ತದೆ. ಅಡುಗೆ ಗ್ಯಾಸ್ ಸಿಲಿಂಡರ್ ಮೇಲಿನ ರೆಗ್ಯುಲೇಟರ್ ಮಾಡುವುದೂ ಇಂಥದ್ದೇ ಕೆಲಸ. ಬಾಯಲ್ಲಿರುವ ಸೆಕೆಂಡ್ ಸ್ಟೇಜ್ ನೀವು ಉಸಿರು ಎಳೆದಾಗ ಮಾತ್ರ ತೆರೆದು, ನೀವಿರುವ ಆಳದ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುತ್ತದೆ. ನೀರಿನ ಮೇಲೆ ಗಾಳಿಯ ಒತ್ತಡ ಸುಮಾರು 1 ಬಾರ್, 18 ಮೀಟರ್ ಆಳದಲ್ಲಿ ಒಟ್ಟು ಒತ್ತಡ 2.8 ಬಾರ್. ಅಂದರೆ ಒಂದೊಂದು ಉಸಿರಿಗೂ ಮೇಲಿನದಕ್ಕಿಂತ 2.8 ಪಟ್ಟು ಗಾಳಿ ಹರಿಯಬೇಕು. ಉಸಿರು ಎಳೆದಾಗ ಮಾತ್ರ ಗಾಳಿ ಕೊಡುವ ಈ ಏರ್ಪಾಡನ್ನು ಸಾಗರ ಅನ್ವೇಷಕ ಜಾಕ್ ಕುಸ್ಟೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಫ್ರಾನ್ಸ್‌ನಲ್ಲಿ 1943ರಲ್ಲೇ ಮಾಡಿ ತೋರಿಸಿದ್ದರು. ಮೂಲ ತತ್ವ ಇವತ್ತಿಗೂ ಅದೇ. ಹೆಸರು ಮಾಡಿದ ಕಂಪನಿಯ ಅತಿ ಅಗ್ಗದ ಮಾಡೆಲ್ ಕೂಡ ಇದನ್ನು ಚೆನ್ನಾಗಿಯೇ ಮಾಡುತ್ತದೆ.

ಇದನ್ನು ನಂಬಲು ಒಂದು ಗುರುತು ಇದೆ. ರೆಗ್ಯುಲೇಟರ್ ಮೇಲೆ ಇಎನ್ 250 (EN 250) ಅಂತ ಕೆತ್ತಿದ್ದಾರಾ ನೋಡಿ. ಇದು ಯುರೋಪಿನ ಮಾನದಂಡ. 50 ಮೀಟರ್ ಆಳಕ್ಕೆ ಸಮನಾದ ಒತ್ತಡದಲ್ಲಿ, ನಿಮಿಷಕ್ಕೆ 62.5 ಲೀಟರ್ ಉಸಿರಾಟದಲ್ಲಿ ಪರೀಕ್ಷೆ ಮಾಡುತ್ತಾರೆ. ನಿಮ್ಮ ಈಗಿನ ಸರ್ಟಿಫಿಕೇಟ್ ಮಿತಿ 18 ಮೀಟರ್ ಅಲ್ವಾ? ಹಾಗಾಗಿ ಉಸಿರಾಟ ಸಲೀಸಾಗುತ್ತದಾ ಅನ್ನುವ ಚಿಂತೆ ಬೇಡ. ಜೊತೆಗೆ 10 ಡಿಗ್ರಿಗಿಂತ ಮೇಲೆ ಮಾತ್ರ ಅನ್ನುವ ಗುರುತು ಇದ್ದರೂ ಹೆದರಬೇಡಿ. ಅದು ತಣ್ಣೀರಿನ ಪರೀಕ್ಷೆಗೆ ಸಂಬಂಧಿಸಿದ್ದು. ನಮ್ಮ ಕರಾವಳಿಯ ನೀರು ಬೆಚ್ಚಗೇ ಇರುತ್ತದೆ. ತಣ್ಣೀರಿನಲ್ಲಿ ಹೆಪ್ಪುಗಟ್ಟದಂತೆ ಮಾಡಿದ ಮಾಡೆಲ್‌ಗೆ ಜಾಸ್ತಿ ಕೊಡಬೇಕಾಗಿಲ್ಲ.

ಇನ್ನು ಫಸ್ಟ್ ಸ್ಟೇಜ್‌ನಲ್ಲಿ ಎರಡು ಜಾತಿ. ಅನ್‌ಬ್ಯಾಲೆನ್ಸ್ಡ್ ಪಿಸ್ಟನ್ ಅನ್ನುವುದು ಅತ್ಯಂತ ಸರಳ. ಒಳಗೆ ಚಲಿಸುವ ಭಾಗ ಕಡಿಮೆ, ಸರ್ವಿಸ್ ಸುಲಭ, ಬೆಲೆ ಕಡಿಮೆ. ಸ್ಕೂಬಾಪ್ರೋ ಎಂಕೆ2, ಕ್ರೆಸ್ಸಿ ಎಸಿ2 ಈ ಸಾಲಿನವು. ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ಇವುಗಳಲ್ಲಿ ಉಸಿರು ಸ್ವಲ್ಪ ಬಿಗಿ ಅನ್ನಿಸುತ್ತದೆ, ಅಷ್ಟೇ. ಬ್ಯಾಲೆನ್ಸ್ಡ್ ಡಯಾಫ್ರಾಮ್‌ನಲ್ಲಿ ಟ್ಯಾಂಕ್ ತುಂಬಿರಲಿ, 50 ಬಾರ್ ಉಳಿದಿರಲಿ, ಉಸಿರು ಒಂದೇ ಥರ. ಏಪೆಕ್ಸ್ ಎಟಿಎಕ್ಸ್40, ಆಕ್ವಾಲಂಗ್ ಟೈಟನ್ ಇಂಥವು. ಡಯಾಫ್ರಾಮ್ (ತೆಳುವಾದ ರಬ್ಬರ್ ಪದರ) ಇರುವುದರಿಂದ ಒಳಗಿನ ಮುಖ್ಯ ಭಾಗಗಳಿಗೆ ಉಪ್ಪು, ಮರಳು ತಾಗುವುದು ಕಡಿಮೆ. ದುಡ್ಡಿದ್ದರೆ ನಾನು ಇದನ್ನೇ ಆರಿಸುತ್ತೇನೆ. ಆದರೆ ನಿಮ್ಮ 30 ಸಾವಿರದಲ್ಲಿ ಆಕ್ಟೋಪಸ್ (ತುರ್ತಿಗೆ ಅಂತ ಇರುವ ಇನ್ನೊಂದು ಸೆಕೆಂಡ್ ಸ್ಟೇಜ್), ಟ್ಯಾಂಕಿನ ಒತ್ತಡ ತೋರಿಸುವ ಗೇಜ್ ಎಲ್ಲ ಸೇರಿ ಹೊಸ ಡಯಾಫ್ರಾಮ್ ಸೆಟ್ ಬರುವುದು ಕಷ್ಟ. ಪಿಸ್ಟನ್ ಸೆಟ್‌ಗೆ ಪ್ರಯತ್ನಿಸಿ. ನೇತ್ರಾಣಿಗೆ, ಅಂಡಮಾನ್‌ಗೆ ಅದು ಧಾರಾಳ ಸಾಕು. ಮುಂದೆ 30 ಮೀಟರ್‌ಗೆ ಹೋಗತೊಡಗಿ, ಪದೇ ಪದೇ ಪ್ರವಾಹದ ವಿರುದ್ಧ ಈಜುವಷ್ಟಾದಾಗ ಬದಲಾಯಿಸಿದರಾಯಿತು.

ಎರಡು ಜಾತಿಗೂ ಸಮಾಧಾನದ ಮಾತೊಂದಿದೆ. ಇವು ಕೆಟ್ಟರೆ ಸಾಮಾನ್ಯವಾಗಿ ಗಾಳಿ ನಿಂತುಹೋಗುವುದಿಲ್ಲ, ಬದಲಿಗೆ ಭರ್ರನೆ ಸುರಿಯುತ್ತದೆ. ಅಗ್ಗದ್ದಿರಲಿ, ದುಬಾರಿಯದ್ದಿರಲಿ, ವಿನ್ಯಾಸವೇ ಹಾಗೆ.

ಈಗ ಸರ್ವಿಸ್. ನನ್ನ ಮಟ್ಟಿಗೆ ಇಡೀ ಉತ್ತರ ಇದರ ಮೇಲೆ ನಿಂತಿದೆ. ವರ್ಷಕ್ಕೊಮ್ಮೆ ಅಥವಾ 100 ಡೈವ್‌ಗೊಮ್ಮೆ, ಯಾವುದು ಮೊದಲೋ ಆಗ ಸರ್ವಿಸ್ ಆಗಬೇಕು ಅಂತ ಬಹಳಷ್ಟು ಕಂಪನಿಗಳು ಹೇಳುತ್ತವೆ. ಕೆಲವು ಎರಡು ವರ್ಷ ಕೊಡುತ್ತವೆ. ಅದರಲ್ಲಿ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ), ಸೀಟ್ (ವಾಲ್ವ್ ಮುಚ್ಚಿ ಕೂರುವ ಭಾಗ), ಫಿಲ್ಟರ್ ಬದಲಾಯಿಸಿ, ಒತ್ತಡ ಮತ್ತೆ ಹೊಂದಿಸುತ್ತಾರೆ. ಆ ಬಿಡಿಭಾಗಗಳ ಕಿಟ್ ಒಂದೊಂದು ಮಾಡೆಲ್‌ಗೂ ಬೇರೆ ಬೇರೆ. ಕಿಟ್ ಸಿಗದ ರೆಗ್ಯುಲೇಟರ್ ಎಷ್ಟೇ ಒಳ್ಳೆಯದಾದರೂ ಕೊನೆಗೆ ಬೀರುವಿನಲ್ಲಿ ಉಳಿಯುತ್ತದೆ. ನೀವು ಉಪಯೋಗಿಸದೆ ಇಟ್ಟರೂ ರಬ್ಬರ್‌ಗೆ ವಯಸ್ಸಾಗುತ್ತದೆ. ಮಳೆಗಾಲದಲ್ಲಿ ನೇತ್ರಾಣಿ ಬಂದ್ ಇರುತ್ತದೆ, ಡೈವಿಂಗ್ ನಡೆಯುವುದು ಹೆಚ್ಚುಕಡಿಮೆ ಅಕ್ಟೋಬರ್‌ನಿಂದ ಮೇವರೆಗೆ. ಅಂದರೆ ವರ್ಷದಲ್ಲಿ ಬಹಳ ತಿಂಗಳು ಅದು ನಿಮ್ಮ ಮನೆಯಲ್ಲೇ ಕೂರುತ್ತದೆ.

ಹಾಗಾಗಿ ನೀವು ಹೋಗುವ ಡೈವ್ ಸೆಂಟರ್‌ಗೆ ಇವತ್ತೇ ಫೋನ್ ಮಾಡಿ. ಅವರು ಬಾಡಿಗೆಗೆ ಯಾವ ಕಂಪನಿಯದ್ದು ಇಟ್ಟಿದ್ದಾರೆ? ಅದನ್ನು ಸರ್ವಿಸ್ ಮಾಡುವವರು ಯಾರು, ಎಲ್ಲಿ? ಕಿಟ್ ಕೈಯಲ್ಲಿದೆಯಾ, ಇಲ್ಲ ತರಿಸಬೇಕಾ? ಕೂಲಿ ಎಷ್ಟು, ಕಿಟ್‌ಗೆ ಎಷ್ಟು, ಎಷ್ಟು ದಿನ? ಐದು ವರ್ಷದ ಸರ್ವಿಸ್ ಖರ್ಚನ್ನು ಬೆಲೆಯ ಜೊತೆ ಕೂಡಿಸಿ ನೋಡಿ. ಆಗ ಕೆಲವು ಅಗ್ಗದವು ಅಗ್ಗ ಅನ್ನಿಸುವುದಿಲ್ಲ. ಸೆಂಟರ್‌ನವರು ಇಟ್ಟಿರುವ ಕಂಪನಿಯದ್ದನ್ನೇ ನೀವೂ ತಗೊಂಡರೆ ತಲೆನೋವು ಬಹಳ ಕಡಿಮೆ. ದಾರಿಯಲ್ಲಿ ಓ-ರಿಂಗ್ ಹೋದರೂ ಅವರ ಪೆಟ್ಟಿಗೆಯಲ್ಲಿ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಬೇಡ ಅನ್ನುವುದಿಲ್ಲ, ಆದರೆ ಪೂರ್ತಿ ಸರ್ವಿಸ್ ಖರ್ಚನ್ನು ಮೊದಲೇ ಬೆಲೆಗೆ ಸೇರಿಸಿಕೊಳ್ಳಿ. ನೋಡಲು ಹೋದಾಗ ಫಸ್ಟ್ ಸ್ಟೇಜ್‌ನ ಡಸ್ಟ್ ಕ್ಯಾಪ್ ತೆಗೆದು ಒಳಗಿನ ಪುಟ್ಟ ಲೋಹದ ಫಿಲ್ಟರ್ ನೋಡಿ. ಹಸಿರು ಬಣ್ಣ ಬಂದಿದ್ದರೆ ಒಳಗೆ ನೀರು ಹೋಗಿದೆ. ತುಕ್ಕಿನ ಕೆಂಪು ಇದ್ದರೆ ಸ್ಟೀಲ್ ಟ್ಯಾಂಕಿನ ತುಕ್ಕು ಬಂದು ಕೂತಿದೆ. ಎರಡರಲ್ಲಿ ಯಾವುದು ಕಂಡರೂ ವಾಪಸ್ ಬನ್ನಿ. ಆಮೇಲೆ ಟ್ಯಾಂಕಿಗೆ ಜೋಡಿಸದೆ, ಕ್ಯಾಪ್ ಮುಚ್ಚಿ, ಬಾಯಲ್ಲಿಟ್ಟು ಮೆಲ್ಲಗೆ ಎಳೆಯಿರಿ. ಗಾಳಿ ಬರಬಾರದು. ಬಂದರೆ ಸೆಕೆಂಡ್ ಸ್ಟೇಜ್ ಒಳಗಿನ ಡಯಾಫ್ರಾಮ್ ಅಥವಾ ಉಸಿರು ಹೊರಹೋಗುವ ವಾಲ್ವ್ ಸರಿಯಿಲ್ಲ. ಕೊನೆಗೆ ಟ್ಯಾಂಕಿಗೆ ಹಾಕಿ, ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್) ಹೋಸ್‌ಗೆ ಒತ್ತಡ ಅಳೆಯುವ ಗೇಜ್ ಸಿಕ್ಕಿಸಲು ಹೇಳಿ. ಮುಳ್ಳು ಒಂದು ಕಡೆ ನಿಂತು ಅಲ್ಲೇ ಇರಬೇಕು. ನಿಧಾನಕ್ಕೆ ಮೇಲೇರುತ್ತಾ ಹೋದರೆ ಸೀಟ್ ಸವೆದಿದೆ. ಈ ಮೂರನ್ನು ಮಾಡಲು ಬಿಡದ ಮಾರಾಟಗಾರನ ಹತ್ತಿರ ಖರೀದಿ ಬೇಡ. ಆನ್‌ಲೈನ್‌ನಲ್ಲಿ ಹೆಸರಿಲ್ಲದ ಕಂಪನಿಗಳ ರೆಗ್ಯುಲೇಟರ್ ಸಿಗುತ್ತವೆ, ಬೆಲೆ ನೋಡಿದರೆ ಆಸೆ ಆಗುತ್ತದೆ. ದಯವಿಟ್ಟು ತಗೊಳ್ಳಬೇಡಿ. ಅವಕ್ಕೆ ಕಿಟ್ ಕೊಡುವವರು ಯಾರೂ ಇರುವುದಿಲ್ಲ, ಮತ್ತು ನೀರಿನಡಿ ನಿಮ್ಮ ಉಸಿರು ಅದರ ಮೇಲೆ ನಿಂತಿರುತ್ತದೆ.

ಟ್ಯಾಂಕಿಗೆ ಜೋಡಿಸುವುದರಲ್ಲಿ ಎರಡು ರೀತಿ ಇವೆ: ವಾಲ್ವ್ ಅನ್ನು ಸುತ್ತ ಹಿಡಿದು ಕೂರುವ ಯೋಕ್, ತಿರುಪಿನಂತೆ ಒಳಗೆ ತಿರುಗಿಸಿ ಹಾಕುವ ಡಿನ್. ನಮ್ಮ ಕಡೆ ಹೆಚ್ಚಾಗಿ ಯೋಕ್. ಡಿನ್ ತಗೊಂಡರೆ ಒಂದು ಯೋಕ್ ಅಡಾಪ್ಟರ್ ಜೊತೆಗಿರಲಿ, ಎಲ್ಲಿಗೆ ಹೋದರೂ ನಡೆಯುತ್ತದೆ.

ಚಿಕ್ಕಪ್ಪನಿಗೆ ಹೇಳಬೇಕಾದದ್ದು ಇಷ್ಟು. ಇಲ್ಲಿ ಕಿಟ್ ಸಿಗುತ್ತದೆ ಅಂತ ಖಾತ್ರಿಯಾದ ಮಾಡೆಲ್ ಹೆಸರನ್ನೇ ಬರೆದು ಕಳಿಸಿ, ಅಂಗಡಿಯವನು ಬೇರೆ ಯಾವುದನ್ನು ಹೊಗಳಿದರೂ ಬೇಡ. ಅಧಿಕೃತ ಡೀಲರ್ ಹತ್ತಿರವೇ ಕೊಳ್ಳಲಿ. ವಾರಂಟಿ ಭಾರತದಲ್ಲಿ ನಡೆಯುತ್ತದಾ ಅಂತ ಕೇಳಲಿ. ಕೆಲವದ್ದು ಕೊಂಡ ದೇಶದಲ್ಲಿ ಮಾತ್ರ ನಡೆಯುತ್ತದೆ. ಸೀರಿಯಲ್ ನಂಬರ್ ಇರುವ ಬಿಲ್ ತಪ್ಪದೆ ತರಲಿ, ಕಸ್ಟಮ್ಸ್‌ನಲ್ಲಿ ಕೇಳಿದರೂ ಬೇಕು, ಮುಂದೆ ಸರ್ವಿಸ್‌ಗೂ ಬೇಕು. ಫಸ್ಟ್ ಸ್ಟೇಜ್, ಸೆಕೆಂಡ್ ಸ್ಟೇಜ್, ಆಕ್ಟೋಪಸ್, ಗೇಜ್, ಬಿಸಿಡಿ ಹೋಸ್ ಎಲ್ಲವನ್ನೂ ಅಂಗಡಿಯಲ್ಲೇ ಜೋಡಿಸಿ, ಟ್ಯಾಂಕಿಗೆ ಹಾಕಿ ಪರೀಕ್ಷಿಸಿ ಕೊಡಲು ಹೇಳಲಿ. ಪೆಟ್ಟಿಗೆಯಲ್ಲಿ ಹೋಸ್‌ಗಳನ್ನು ಬಿಗಿಯಾಗಿ ಮಡಚದೆ ದೊಡ್ಡ ಸುತ್ತಾಗಿ ಇಡಲಿ. ಕೈಗೆ ಬಂದ ಮೇಲೆ ಮೊದಲ ಸಲ ದೋಣಿ ಹತ್ತುವ ಮುಂಚೆ ದಡದಲ್ಲೇ ಡೈವ್ ಸೆಂಟರ್‌ನವರಿಗೆ ತೋರಿಸಿ, ಒತ್ತಡ ಅಳೆಸಿಕೊಳ್ಳಿ. ಡೈವ್ ಆದ ಮೇಲೆ ಡಸ್ಟ್ ಕ್ಯಾಪ್ ಒಣಗಿಸಿ ಮುಚ್ಚಿ, ಸಿಹಿ ನೀರಿನಲ್ಲಿ ನೆನೆಸಿಡಿ. ನೆನೆಯುವಾಗ ಪರ್ಜ್ ಬಟನ್ (ಸೆಕೆಂಡ್ ಸ್ಟೇಜ್ ಮುಂಭಾಗದ ಗುಂಡಿ) ಒತ್ತಬೇಡಿ, ಒತ್ತಿದರೆ ಹೋಸ್ ಮೂಲಕ ನೀರು ಫಸ್ಟ್ ಸ್ಟೇಜ್‌ಗೆ ಹೋಗುತ್ತದೆ.