ಮನೆ ಕೇರಳದಲ್ಲಿ, ಕಾಲೇಜು ಕರ್ನಾಟಕದಲ್ಲಿ

ಮಾರಾಯ, "ಕೇರಳದಲ್ಲಿ ಓದು ಅಗ್ಗವಂತೆ, ಬಡವರಿಗೆ ಎಲ್ಲ ಕಡೆ ಸ್ಕಾಲರ್‌ಶಿಪ್ ಇದೆ, ಮತ್ಯಾಕೆ ಮಕ್ಕಳನ್ನು ಮಂಗಳೂರಿಗೆ ಕಳಿಸಿ ದುಡ್ಡು ಸುರೀತೀರಿ?" ಅಂತ ಕೇಳಿದೆಯಲ್ಲ. ಜೊತೆಗೆ "ಕೇರಳದವರಾದ್ರೂ ಕನ್ನಡ ಚೆನ್ನಾಗಿ ಮಾತಾಡ್ತೀರಪ್ಪ" ಅಂತ ಒಂದು ಬಿರುದನ್ನೂ ಕೊಟ್ಟೆ. ಬಿರುದು ಹಾಗಿರಲಿ, ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ನಮ್ಮಂಥ ಕನ್ನಡಿಗರ ಲೆಕ್ಕ ಹೇಳುತ್ತೇನೆ.

ಅಗ್ಗ ಎಂಬುದು ಸುಳ್ಳಲ್ಲ. ಬಿಎ, ಬಿಎಸ್‌ಸಿ ಓದುವವರಿಗೆ ಕಾಸರಗೋಡಿನ ಸರ್ಕಾರಿ ಕಾಲೇಜು ಉಂಟು, 1957ರದ್ದು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರ್ಕಾರಿ ಕಾಲೇಜು. ಇಂಜಿನಿಯರಿಂಗ್‌ಗೆ ಪೊವ್ವಲ್‌ನಲ್ಲಿ ಎಲ್‌ಬಿಎಸ್ ಕಾಲೇಜು. ಹೋಗುವವರು ಹೋಗುತ್ತಾರೆ. ಆದರೆ ಗಡಿಯಂಚಿನ ನಮ್ಮ ಪೆರ್ಲದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ನರ್ಸಿಂಗ್ ಅಂದರೆ ಮೊದಲು ತೋರುವುದು ಮಂಗಳೂರು. ನಮ್ಮ ಆಸ್ಪತ್ರೆ, ಅಡಿಕೆ ಮಂಡಿ, ನೆಂಟರು, ದಿನಪತ್ರಿಕೆ ಎಲ್ಲ ಆ ಕಡೆಯೇ. ಅಡ್ಕಸ್ಥಳ ದಾಟಿದರೆ ಕರ್ನಾಟಕ. ಅಲ್ಲಿ ಮಣ್ಣಿನ ಬಣ್ಣವೂ ಬದಲಾಗುವುದಿಲ್ಲ.

ಬದಲಾಗುವುದು ಕಾಗದ. ಫೀಸು ಎಷ್ಟು ಅಂತ ನಿಗದಿ ಮಾಡುವುದು ಕಾಲೇಜು ಇರುವ ರಾಜ್ಯ. ಸಹಾಯ ಯಾರಿಗೆ, ಎಷ್ಟು ಅಂತ ತೀರ್ಮಾನಿಸುವುದು ಮನೆ ಇರುವ ರಾಜ್ಯ. ನಿನಗೆ ಎರಡೂ ಒಂದೇ ಸರ್ಕಾರವಾದ್ದರಿಂದ ಇದು ಗೊತ್ತೇ ಆಗುವುದಿಲ್ಲ. ಪರಿಶಿಷ್ಟ ಜಾತಿಯವರ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನವನ್ನೇ ನೋಡು: ಕೇಂದ್ರದ್ದು 60 ಪಾಲು, ರಾಜ್ಯದ್ದು 40, ವರ್ಷದ ಆದಾಯ ಎರಡೂವರೆ ಲಕ್ಷದೊಳಗೆ ಇರಬೇಕು. ವಿದ್ಯಾರ್ಥಿ ಎಲ್ಲೇ ಓದಲಿ, ಕೊಡಬೇಕಾದ್ದು ತವರಿನ ರಾಜ್ಯ. ಹಾಗಾಗಿ ಮಂಗಳೂರಿನ ಫೀಸಿಗೆ ತಿರುವನಂತಪುರದ ಇ-ಗ್ರಾಂಟ್ಸ್, ಅಂದರೆ ಕೇರಳದ ವಿದ್ಯಾರ್ಥಿವೇತನದ ಪೋರ್ಟಲ್ ಕಡೆ ಮುಖ ಮಾಡಿ ಕೂರಬೇಕು. ಕಾಲೇಜಿನ ಗುಮಾಸ್ತರಿಗೆ ಕರ್ನಾಟಕದ ಪೋರ್ಟಲ್ ಬಾಯಿಪಾಠ, ಇ-ಗ್ರಾಂಟ್ಸ್ ಹೆಸರು ಹೇಳಿದರೆ "ಅದೆಂತದು?" ಅನ್ನುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ.

ಇನ್ನು ನನ್ನ ತಲೆ ತಿನ್ನುವ ವಿಷಯಕ್ಕೆ ಬರುತ್ತೇನೆ: ಆರ್‌ಡಿ ಸಂಖ್ಯೆ. ಕರ್ನಾಟಕದ ನಾಡಕಚೇರಿಯಿಂದ ಬರುವ ಜಾತಿ, ಆದಾಯ ಪ್ರಮಾಣಪತ್ರಗಳ ಮೇಲೆ ಆರ್‌ಡಿ ಅಂತ ಶುರುವಾಗುವ ಒಂದು ಸಂಖ್ಯೆ ಇರುತ್ತದಲ್ಲ, ಕರ್ನಾಟಕದ ಅರ್ಜಿ ಅದನ್ನು ಕೇಳುತ್ತದೆ. ನಮ್ಮ ವಿಲೇಜ್ ಆಫೀಸಿನ ಪತ್ರದಲ್ಲಿ ಸಹಿ ಉಂಟು, ಮೊಹರು ಉಂಟು, ಸಂಖ್ಯೆಯೂ ಉಂಟು, ಆದರೆ ಆ ಸಂಖ್ಯೆ ಅಲ್ಲ. ಹೋದ ಸಲ ತಂಗಿಯ ಮಗಳ ಅರ್ಜಿ ತುಂಬುವಾಗ ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸಿದರು, ಆ ಇನ್ನೊಂದು ಕಚೇರಿಯವರು ಮೊದಲಿನದ್ದಕ್ಕೇ ಹೋಗಿ ಅಂದರು. ನಡುವೆ ಯಾರೋ ಪುಣ್ಯಾತ್ಮರು "ಗಡಿಯಾಚೆ ವಿಟ್ಲದ ನೆಂಟರ ಮನೆ ವಿಳಾಸ ಹಾಕಿಬಿಡಿ" ಅಂತ ಸಲಹೆ ಕೊಟ್ಟರು.

ಸೀಟಿನ ಕಥೆ ಬೇರೆ. ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅಂತ ಒಂದು ಕಲಮು ಉಂಟು. ಕಾಸರಗೋಡು, ಹೊಸದುರ್ಗ, ಮಂಜೇಶ್ವರದವರು, ಅತ್ತ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದವರು ಅದರಲ್ಲಿ ಬರುತ್ತಾರೆ. ಅದಕ್ಕೆ ಕೃತಜ್ಞತೆ ಇದೆ. ಆದರೆ ಅದರಡಿ ಬರುವವರು ಕನ್ನಡ ಪರೀಕ್ಷೆ ಬರೆದು ಪಾಸಾಗಬೇಕು. ಹತ್ತನೇ ತರಗತಿವರೆಗೆ ಗಣಿತ, ವಿಜ್ಞಾನವನ್ನೂ ಕನ್ನಡದಲ್ಲೇ ಓದಿದ ನಮ್ಮ ಹುಡುಗಿಗೆ ಕನ್ನಡ ಪರೀಕ್ಷೆ! ನಿನ್ನ ಮಗನಿಗೆ ಇಟ್ಟಿದ್ದಾರಾ? ಕೋಪ ಮಾಡಿಕೊಳ್ಳಬೇಡ, ಕೇಳಿದೆ ಅಷ್ಟೆ.

ಜಾತಿಪಟ್ಟಿಯದ್ದು ಇನ್ನೂ ವಿಚಿತ್ರ. ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಮರಾಟಿ ಸಮುದಾಯದ ಮನೆಗಳು ಬಹಳ, ಗಡಿಯಾಚೆ ದಕ್ಷಿಣ ಕನ್ನಡದಲ್ಲೂ ಅವರ ಬಂಧುಗಳು. ಆಚೆಯವರು ಪರಿಶಿಷ್ಟ ಪಂಗಡ. ಈಚೆಯವರನ್ನು 2002ರ ತಿದ್ದುಪಡಿ ಕಾಯ್ದೆ ಕೇರಳದ ಪಟ್ಟಿಯಿಂದ ತೆಗೆಯಿತು, 2013ರಲ್ಲಿ ಮತ್ತೆ ಸೇರಿಸಿದರು. ಆ ನಡುವಿನ ವರ್ಷಗಳಲ್ಲಿ ಓದಿದ ಅಣ್ಣತಮ್ಮಂದಿರ ಮಕ್ಕಳಿಗೆ ಎರಡು ಬೇರೆ ಬೇರೆ ಲೆಕ್ಕ. ಒಂದು ರಾಜ್ಯದ ಪರಿಶಿಷ್ಟ ಸ್ಥಾನ ಇನ್ನೊಂದಕ್ಕೆ ತಾನಾಗಿ ದಾಟುವುದಿಲ್ಲ ಅಂತ ಸುಪ್ರೀಂ ಕೋರ್ಟು 1990ರಲ್ಲೇ ಹೇಳಿದೆ. ಕಾನೂನಿನ ಮಾತು ಸರಿಯೇ ಇರಬಹುದು, ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗ ಮಾತ್ರ ಅರ್ಥವಾಗುವುದಿಲ್ಲ.

ಬಸ್ಸನ್ನೂ ಲೆಕ್ಕಕ್ಕೆ ಸೇರಿಸು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂತು, ಅದು ಕರ್ನಾಟಕದ ನಿವಾಸಿ ಹೆಂಗಸರಿಗೆ. ಪುತ್ತೂರಿನಿಂದ ಮಂಗಳೂರಿಗೆ ಒಂದೇ ಸೀಟಿನಲ್ಲಿ ಕೂತ ಗೆಳತಿಗೆ ಸೊನ್ನೆ ಟಿಕೆಟ್, ನಮ್ಮವಳಿಗೆ ಪೂರ್ತಿ ದರ.

ಎರಡೂವರೆ ಲಕ್ಷಕ್ಕಿಂತ ಕೆಳಗಿನವರದ್ದು ಈ ಓಡಾಟ. ಮೇಲೆ ಇರುವವರು ಮ್ಯಾನೇಜ್‌ಮೆಂಟ್ ಸೀಟು ಹಿಡಿಯುತ್ತಾರೆ, ಅವರಿಗೆ ಯಾವ ರಾಜ್ಯವಾದರೂ ಒಂದೇ. ನಡುವಿನವರು, ಅಂದರೆ ಎರಡು ಎಕರೆ ಅಡಿಕೆ ತೋಟದವರು, ಬ್ಯಾಂಕಿಗೆ ಹೋಗುತ್ತಾರೆ. ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ವೃತ್ತಿಪರ ಕೋರ್ಸಿನ ಸಾಲಕ್ಕೆ ಓದು ಮುಗಿದು ಒಂದು ವರ್ಷದವರೆಗಿನ ಬಡ್ಡಿಯನ್ನು ಕೇಂದ್ರ ಕಟ್ಟುತ್ತದೆ, ಕಾಲೇಜಿಗೆ ಮಾನ್ಯತೆ ಇರಬೇಕು ಅಷ್ಟೆ. ನೋಡು, ಗಡಿ ಯಾವುದು ಅಂತ ಕೇಳದೆ ಸಿಗುವುದು ಸಾಲ ಮಾತ್ರ!

ವಿಟ್ಲದ ವಿಳಾಸ ಹಾಕಲಿಲ್ಲ. ಜಾಗದ ದಾಖಲೆ, ಓಟು, ರೇಷನ್ ಕಾರ್ಡು ಎಲ್ಲ ಇಲ್ಲೇ ಇರುವಾಗ ಸುಳ್ಳು ಯಾಕೆ? ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ ಒಂದಕ್ಕೆ ಅಜ್ಜ ತೋಟದಲ್ಲೇ ಇದ್ದರು, ಎಲ್ಲಿಗೂ ಹೋದವರಲ್ಲ. ನಿನಗೆ ಬೆಂಗಳೂರಿನಲ್ಲಿ ಅಧಿಕಾರಿಗಳ ಪರಿಚಯ ಉಂಟು ಅಂತ ಆಗಾಗ ಹೇಳುತ್ತೀಯಲ್ಲ, ಒಂದು ಉಪಕಾರ ಮಾಡು: ಆರ್‌ಡಿ ಸಂಖ್ಯೆಯ ಚೌಕದ ಕೆಳಗೆ "ಗಡಿನಾಡಿನ ಪ್ರಮಾಣಪತ್ರ" ಅಂತ ಇನ್ನೊಂದು ಚೌಕ ಹಾಕಲು ಹೇಳು.